ಕೊಡಾಕ ಕೈ ಬರದವ ‘ಜೀನ’: ಕೈಯಾಗ ಇಲ್ಲದವನಿಗೆ ಈ ಮಾತು ಯಾಕೆ?

ಗದಗ: ಗಣಪತಿ ಹಬ್ಬ ಬಂತಂದ್ರೆ ಓಣಿ ಹುಡುಗರು ಪಟ್ಟಿ ಕೇಳಲು ಮನೆ ಮನೆಗೆ ಹೋಗ್ತಾರೆ. ಒಬ್ಬರು ಕೇಳಿದ ಕೂಡಲೇ ಕೊಡ್ತಾರೆ. ಇನ್ನೊಬ್ಬರು ‘ನಾಳೆ ಬರ್ರಿ’ ಅಂತ ಮೂರು ಸಲ ಅಡ್ಡಾಡಿಸಿ, ಕೊನೆಗೆ ಗೊಣಗುತ್ತಾ 50 ರೂಪಾಯಿ ಕೊಡ್ತಾರೆ. ಹೊರಗೆ ಬಂದ ಹುಡುಗರ ಬಾಯಲ್ಲಿ ಒಂದೇ ಮಾತು: ‘ಭಾಳ ಜೀನ ಅದಾನಪಾ!’

ಏನಿದು ಜೀನತನ?

ಬೇರೆ ಕಡೆ ಜಿಪುಣ, ಜುಗ್ಗ ಅನ್ನುವುದನ್ನೇ ನಮ್ಮ ಕಡೆ ಜೀನ ಅಂತಾರೆ. ಇದ್ದರೂ ಕೊಡಲು ಹಿಂದೆ ಮುಂದೆ ನೋಡುವವನು ಎಂದರ್ಥ. ‘ಎಂಜಲ ಕೈಲೆ ಕಾಗಿ ಹೊಡಿಯಾಂವಲ್ಲ’ ಅನ್ನುವುದು ಇಂಥವರಿಗೇ. ಕೈ ಬೀಸಿದರೆ ಅಂಟಿದ ಅಗುಳು ಉದುರಿ ಕಾಗೆಯ ಪಾಲಾದೀತು ಎಂಬ ಚಿಂತೆ!

ಲೋಭಿ ಅನ್ನುವುದು ಸ್ವಲ್ಪ ಬೇರೆ. ಲೋಭಿಗೆ ಇನ್ನಷ್ಟು ಬೇಕೆಂಬ ಆಸೆ. ಜೀನನಿಗೆ ತನ್ನದು ಹೋಗುತ್ತಲ್ಲ ಎಂಬ ಸಂಕಟ.

ವಿರುದ್ಧ ಪದಗಳು

ಉದಾರಿ, ಧಾರಾಳಿ, ಕೊಡುಗೈ ದಾನಿ. ಮಾತಿನಲ್ಲಿ ‘ದಿಲ್‌ದಾರ್ ಮನಷ್ಯಾ’. ಸಂತೆಯಲ್ಲಿ ತೂಕ ಮುಗಿದ ಮೇಲೂ ಎರಡು ಮೆಣಸಿನಕಾಯಿ ಕೊಸರು ಹಾಕುವ ಕೈಯೂ ಧಾರಾಳದ ಕೈಯೇ.

ದೊಡ್ಡ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯ ಹಿರಿಮೆಯನ್ನು ಅಲ್ಲಿನ 1007ರ ಶಾಸನ ಹೇಳುತ್ತದೆ. ಪೊನ್ನ ಕವಿಯ ‘ಶಾಂತಿಪುರಾಣ’ದ 1000 ಪ್ರತಿ ಬರೆಯಿಸಿ ಹಂಚಿದವಳು ಎಂದು ಆಕೆ ಹೆಸರಾಗಿದ್ದಾಳೆ. ಅಚ್ಚಿನ ಯಂತ್ರವಿಲ್ಲದ ಕಾಲ, ಒಂದೊಂದು ಪ್ರತಿಯನ್ನೂ ಕೈಯಲ್ಲೇ ಬರೆಯಬೇಕಿತ್ತು. ಜನ ಆಕೆಯನ್ನು ಕರೆದದ್ದು ‘ದಾನಚಿಂತಾಮಣಿ’ ಎಂದು.

ಎಲ್ಲಿ ಬಳಸಬಾರದು?

ಈ ಮಾತು ಎಷ್ಟೋ ಸಲ ತಪ್ಪು ಜನರ ಮೇಲೆ ಬೀಳುತ್ತದೆ. ತಿಂಗಳ ಕೊನೆಗೆ ಎಣ್ಣೆ, ಸಕ್ಕರೆ ಅಳೆದು ಹಾಕುವ ತಾಯಿ ಜೀನಳಲ್ಲ. ಆಕೆ ಕೈ ಬಿಗಿ ಹಿಡಿದಾಳ, ಅಷ್ಟೇ. ಮಳೆ ಕೈಕೊಟ್ಟ ವರ್ಷ ಪಟ್ಟಿ ಕೊಡದ ರೈತನೂ ಜೀನನಲ್ಲ. ಅವನ ಕೈಯಾಗ ಇಲ್ಲ. ‘ಕೈ ಬಿಗಿ ಹಿಡಿಯೋದು’, ‘ಕೈಯಾಗ ಇಲ್ಲದ್ದು’, ‘ಕೈ ಬರದಿರೋದು’ ಈ ಮೂರೂ ಬೇರೆ ಬೇರೆ. ಮೂರನೆಯದು ಮಾತ್ರ ಜೀನತನ.

ಇನ್ನೊಂದು ಕಡೆ ಈ ಪದ ಸಾಲುವುದೇ ಇಲ್ಲ. ದಿನವಿಡೀ ಕಳೆ ತೆಗೆದ ಹೆಣ್ಣುಮಗಳನ್ನು ಕೂಲಿಗಾಗಿ ನಾಲ್ಕು ಸಲ ಅಡ್ಡಾಡಿಸಿ, ಕೊನೆಗೆ ಉಪಕಾರ ಮಾಡಿದಂಗ ಕೊಡುವ ಮಾಲೀಕರಿದ್ದಾರೆ. ‘ಸಾಹುಕಾರ್ರು ಸ್ವಲ್ಪ ಜೀನ’ ಅಂತ ಜನ ನಕ್ಕು ಸುಮ್ಮನಾಗ್ತಾರೆ. ಆದರೆ ಕೂಲಿ ದಾನವಲ್ಲ, ದುಡಿದವರ ಹಕ್ಕು. ತನ್ನದನ್ನು ಕೊಡಲು ಹಿಂಜರಿದರೆ ಜೀನತನ. ಇನ್ನೊಬ್ಬರದನ್ನೇ ಹಿಡಿದಿಟ್ಟುಕೊಂಡರೆ ಅದು ಅನ್ಯಾಯ.