ಬಾಸ್ ಮೀನಿಗೆ ಗಾಳ: ಕೈಗೆಟಕುವ ಬೆಲೆಯ ರೀಲ್ ಆರಿಸುವುದು ಹೇಗೆ?

ಅಮೆರಿಕದಲ್ಲಿ ಬಾಸ್ ಮೀನಿನ ಬೇಟೆ ಹವ್ಯಾಸದ ಎಲ್ಲೆಯನ್ನು ದಾಟಿ ದಶಕಗಳೇ ಕಳೆದಿವೆ. ಅಲಬಾಮಾದಲ್ಲಿ ವಿಮಾ ಪಾಲಿಸಿ ಮಾರುತ್ತಿದ್ದ ರೇ ಸ್ಕಾಟ್ ಎಂಬಾತ 1967ರಲ್ಲಿ ಅರ್ಕಾನ್ಸಾ ರಾಜ್ಯದ ಬೀವರ್ ಸರೋವರದಲ್ಲಿ ಒಂದು ಸ್ಪರ್ಧೆ ಏರ್ಪಡಿಸಿದ. ಅದರ ಬೆನ್ನಿಗೇ ಬಾಸ್ ಬೇಟೆಗಾರರ ಸಂಘ ಹುಟ್ಟಿತು. 1971ರಲ್ಲಿ ಲೇಕ್ ಮೀಡ್ ಜಲಾಶಯದಲ್ಲಿ ಆರಂಭವಾದ 'ಬಾಸ್‌ಮಾಸ್ಟರ್ ಕ್ಲಾಸಿಕ್' ಸ್ಪರ್ಧೆಯ ವಿಜೇತರಿಗೆ ಈಗ ಸಿಗುವ ಬಹುಮಾನ 3 ಲಕ್ಷ ಡಾಲರ್. ಈ ಬೇಟೆಯ ಗುರುತೇ ಆಗಿಹೋಗಿರುವ ಸಲಕರಣೆ ಬೇಟ್‌ಕಾಸ್ಟಿಂಗ್ ರೀಲ್.

ಟೆಕ್ಸಾಸ್, ಫ್ಲಾರಿಡಾ, ಜಾರ್ಜಿಯಾಗಳಲ್ಲಿ ನೆಲೆಸಿದ ಕನ್ನಡಿಗರಿಗೂ ವಾರಾಂತ್ಯದ ಸರೋವರ ದಂಡೆ ಹೊಸತೇನಲ್ಲ. ಆದರೆ ಮೊದಲ ಸಲ ಅಂಗಡಿಗೆ ಹೋದವರಿಗೆ ದಿಗಿಲಾಗುವುದು ಸಹಜ. 30 ಡಾಲರಿನಿಂದ 500 ಡಾಲರಿನವರೆಗೆ, ನೋಟಕ್ಕೆ ಹೆಚ್ಚುಕಡಿಮೆ ಒಂದೇ ತೆರನಾದ ರೀಲುಗಳು ಸಾಲಾಗಿ ಕುಳಿತಿರುತ್ತವೆ. ತೀರಾ ಅಗ್ಗದ್ದನ್ನು ಕೊಂಡವರು ಸಿಕ್ಕು ಬಿಡಿಸುವುದರಲ್ಲೇ ದಿನ ಕಳೆದು, ಈ ಆಟ ತಮಗೆ ಒಗ್ಗದೆಂದು ಕೈಬಿಡುತ್ತಾರೆ. ದುಬಾರಿಯದನ್ನು ಕೊಂಡವರಿಗೂ ಅದೇ ಸಿಕ್ಕು ತಪ್ಪುವುದಿಲ್ಲ. ಹಾಗಾಗಿ ಬೆಲೆ ನೋಡುವ ಮುನ್ನ ಯಂತ್ರವನ್ನು ಅರಿಯುವುದು ಲೇಸು.

ಸಿಕ್ಕಿನ ಮೂಲ

ಹೊಸಬರು ಸಾಮಾನ್ಯವಾಗಿ ಬಳಸುವ ಸ್ಪಿನ್ನಿಂಗ್ ರೀಲಿನಲ್ಲಿ ದಾರ ಸುತ್ತಿದ ಉರುಳೆ, ಅಂದರೆ ಸ್ಪೂಲ್, ಗಾಳ ಎಸೆಯುವಾಗ ತಿರುಗುವುದಿಲ್ಲ. ದಾರ ಅದರ ಅಂಚಿನಿಂದ ಜಾರಿ ಹೊರಬೀಳುತ್ತದೆ. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಹಾಗಲ್ಲ. ಎಸೆದ ಕೃತಕ ಎರೆಯ ಭಾರವೇ ಸ್ಪೂಲನ್ನು ಗಿರ್ರನೆ ತಿರುಗಿಸಿ ದಾರವನ್ನು ಎಳೆದುಕೊಳ್ಳಬೇಕು. ಗಾಳಿಯಲ್ಲಿ ಸಾಗುತ್ತ ಎರೆಯ ವೇಗ ಕುಗ್ಗುತ್ತದೆ. ಸ್ಪೂಲಿನ ವೇಗ ಅದಕ್ಕೆ ತಕ್ಕಂತೆ ತಾನಾಗಿ ಕುಗ್ಗುವುದಿಲ್ಲ. ಹೊರಹೋಗುವ ದಾರಕ್ಕಿಂತ ಬಿಚ್ಚಿಕೊಳ್ಳುವ ದಾರ ಹೆಚ್ಚಾದಾಗ ಅದು ಉಬ್ಬಿ ಗೋಜಲಾಗುತ್ತದೆ. ಅಮೆರಿಕದ ಬೇಟೆಗಾರರು ಇದನ್ನು ಹಾಸ್ಯವಾಗಿ ಹಕ್ಕಿಗೂಡು ಎನ್ನುತ್ತಾರೆ.

ಇಷ್ಟೊಂದು ತಾಪತ್ರಯವಿದ್ದರೂ ಈ ರೀಲೇ ಏಕೆ? ಬಾಸ್ ಮೀನು ಜೊಂಡು, ಮುಳುಗಿದ ಮರದ ಬೊಡ್ಡೆ, ತೇಲುಗಿಡಗಳ ಮರೆಯಲ್ಲಿ ಹೊಂಚು ಹಾಕುವ ಜೀವಿ. ಅಲ್ಲಿಂದ ಅದನ್ನು ಎಳೆದು ತರಲು ದಪ್ಪ ದಾರ ಬೇಕು, ಎಸೆತ ಗುರಿ ತಪ್ಪಬಾರದು. ಇವೆರಡಕ್ಕೂ ಬೇಟ್‌ಕಾಸ್ಟಿಂಗ್ ರೀಲೇ ಮೇಲು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೆಂಟುಕಿ ರಾಜ್ಯದ ಪ್ಯಾರಿಸ್ ಪಟ್ಟಣದ ಗಡಿಯಾರ ಕುಶಲಕರ್ಮಿ ಜಾರ್ಜ್ ಸ್ನೈಡರ್ ತಯಾರಿಸಿದ ರೀಲುಗಳೇ ಇದರ ಪೂರ್ವಜರು. ಅಂದಿನಿಂದಲೂ ಇದು ಗಡಿಯಾರದಂತೆಯೇ ಸೂಕ್ಷ್ಮ ಯಂತ್ರ.

ಮೊದಲು ನೋಡಬೇಕಾದ್ದು ಬ್ರೇಕ್

ಸ್ಪೂಲಿನ ಓಟಕ್ಕೆ ಕಡಿವಾಣ ಹಾಕುವ ಬ್ರೇಕ್ ವ್ಯವಸ್ಥೆಯೇ ಹೊಸಬರ ಪಾಲಿನ ಆಪದ್ಬಾಂಧವ. ಇದರಲ್ಲಿ ಎರಡು ಮುಖ್ಯ ಬಗೆಗಳಿವೆ. ಒಂದು ಕಾಂತೀಯ ಬ್ರೇಕ್: ಸ್ಪೂಲಿನ ಪಕ್ಕದ ಆಯಸ್ಕಾಂತಗಳು ಅದನ್ನು ಮುಟ್ಟದೆಯೇ ತಡೆಯೊಡ್ಡುತ್ತವೆ. ರೀಲಿನ ಹೊರಬದಿಯ ಗುಂಡಿಯನ್ನು ತಿರುಗಿಸಿ ತಡೆಯನ್ನು ಹೆಚ್ಚಿಸಬಹುದು, ತಗ್ಗಿಸಬಹುದು. ಇನ್ನೊಂದು ಕೇಂದ್ರಾಪಗಾಮಿ ಬ್ರೇಕ್: ಸ್ಪೂಲ್ ವೇಗವಾಗಿ ತಿರುಗಿದಾಗ ಪುಟ್ಟ ತುಂಡುಗಳು ಹೊರಕ್ಕೆ ಸರಿದು ಸುತ್ತಲಿನ ಬಳೆಗೆ ಉಜ್ಜುತ್ತವೆ. ಎಸೆತ ಇದರಲ್ಲಿ ಸರಾಗ. ಆದರೆ ಅಗ್ಗದ ಅನೇಕ ಮಾದರಿಗಳಲ್ಲಿ ಇದನ್ನು ಹೊಂದಿಸಲು ಪಕ್ಕದ ಮುಚ್ಚಳ ತೆರೆಯಬೇಕಾಗುತ್ತದೆ.

ಕಲಿಯುವವರಿಗೆ ಹೊರಗಿನಿಂದಲೇ ಹೊಂದಿಸಬಹುದಾದ ಬ್ರೇಕ್ ಅನುಕೂಲ. ಗಾಳಿ ಎದುರಾದಾಗ, ಎರೆ ಬದಲಿಸಿದಾಗ ಮತ್ತೆ ಮತ್ತೆ ಹೊಂದಿಸಬೇಕಾಗುವುದರಿಂದ ಈ ಸೌಲಭ್ಯ ಚಿಕ್ಕದಲ್ಲ.

ಬೇರಿಂಗ್ ಸಂಖ್ಯೆಯ ಮೋಹ

ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚಾಗಿರುವುದು ಬಾಲ್ ಬೇರಿಂಗುಗಳ ಸಂಖ್ಯೆ. ಹತ್ತು ಬೇರಿಂಗ್ ಇರುವ 40 ಡಾಲರಿನ ರೀಲ್, ಐದು ಬೇರಿಂಗ್ ಇರುವ 100 ಡಾಲರಿನ ರೀಲಿಗಿಂತ ಮೇಲೆಂದು ಭಾವಿಸುವುದು ಸಲ್ಲದು. ಎಸೆತಕ್ಕೆ ನೆರವಾಗುವುದು ಸ್ಪೂಲನ್ನು ಹೊತ್ತ ಬೇರಿಂಗುಗಳು ಮಾತ್ರ. ಹಿಡಿಯ ಗುಬುಟಿನಲ್ಲಿ ತುರುಕಿದ ಬೇರಿಂಗುಗಳಿಂದ ಎರೆ ಒಂದು ಅಡಿಯೂ ಹೆಚ್ಚು ದೂರ ಹೋಗದು.

ಅದರ ಬದಲು ಚೌಕಟ್ಟನ್ನು ಗಮನಿಸಿ. ಗ್ರಾಫೈಟ್ ಬೆರೆತ ಪ್ಲಾಸ್ಟಿಕ್ ಚೌಕಟ್ಟು ಹಗುರ, ಅಗ್ಗ, ತುಕ್ಕು ಹಿಡಿಯದು. ಆದರೆ ದೊಡ್ಡ ಮೀನಿನ ಎಳೆತಕ್ಕೆ ತುಸು ಬಾಗುತ್ತದೆ. ಚೌಕಟ್ಟು ಬಾಗಿದರೆ ಗೇರಿನ ಹಲ್ಲುಗಳ ಹೊಂದಾಣಿಕೆ ತಪ್ಪುತ್ತದೆ, ಸವೆತ ಬೇಗ ಆರಂಭವಾಗುತ್ತದೆ. ಅಲ್ಯುಮಿನಿಯಂ ಚೌಕಟ್ಟು, ಹಿತ್ತಾಳೆಯ ಮುಖ್ಯ ಗೇರ್ ಇರುವ ರೀಲ್ ಸಿಕ್ಕಿದರೆ ಅದಕ್ಕಾಗಿ ತುಸು ಹೆಚ್ಚು ತೆರುವುದು ನಷ್ಟವಲ್ಲ.

ಗೇರ್ ಅನುಪಾತ

7:1 ಎಂದು ಬರೆದಿದ್ದರೆ ಹಿಡಿ ಒಂದು ಸುತ್ತು ತಿರುಗಿದಾಗ ಸ್ಪೂಲ್ ಏಳು ಸುತ್ತು ತಿರುಗುತ್ತದೆ ಎಂದರ್ಥ. ಇಂಥ ರೀಲ್ ಒಂದು ಸುತ್ತಿಗೆ ಸುಮಾರು 30 ಅಂಗುಲ ದಾರವನ್ನು ಒಳಗೆಳೆಯುತ್ತದೆ. 5:1ರ ಆಸುಪಾಸಿನ ನಿಧಾನದ ರೀಲುಗಳು ಆಳಕ್ಕೆ ಮುಳುಗುವ ಕ್ರ್ಯಾಂಕ್‌ಬೇಟ್ ಎರೆಗೆ ಸೂಕ್ತ. ಪ್ಲಾಸ್ಟಿಕ್ ಹುಳು, ಜಿಗ್ ಮುಂತಾದವಕ್ಕೆ ವೇಗ ಬೇಕು; ಮೀನು ಕಚ್ಚಿದೊಡನೆ ಸಡಿಲ ದಾರವನ್ನು ಸೆಳೆದುಕೊಳ್ಳಬೇಕಾಗುತ್ತದೆ. ಒಂದೇ ರೀಲ್ ಕೊಳ್ಳುವವರು 6.5ರಿಂದ 7.5ರ ನಡುವಿನದನ್ನು ಆರಿಸಿಕೊಂಡರೆ ಬಹುತೇಕ ಕೆಲಸ ಸಾಗುತ್ತದೆ. ವೇಗದ ರೀಲನ್ನು ನಿಧಾನವಾಗಿ ತಿರುಗಿಸಬಹುದು. ನಿಧಾನದ ರೀಲನ್ನು ವೇಗವಾಗಿ ತಿರುಗಿಸಿ ಕೈ ನೋಯಿಸಿಕೊಳ್ಳಬೇಕಾದೀತು.

ಎಡವೋ, ಬಲವೋ?

ಸ್ಪಿನ್ನಿಂಗ್ ರೀಲಿನ ಹಿಡಿಯನ್ನು ಬೇಕೆಂದ ಬದಿಗೆ ಬದಲಿಸಿಕೊಳ್ಳಬಹುದು. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಅದಕ್ಕೆ ಅವಕಾಶವಿಲ್ಲ. ಅಂಗಡಿಯಲ್ಲೇ ನಿರ್ಧರಿಸಬೇಕು. ಬಲಗೈಯಿಂದ ಎಸೆಯುವವರು ಬಲಬದಿಯ ಹಿಡಿ ಕೊಂಡರೆ ಪ್ರತಿ ಎಸೆತದ ಬಳಿಕ ಕೋಲನ್ನು ಎಡಗೈಗೆ ದಾಟಿಸಬೇಕು. ಹಲವರಿಗೆ ಇದೇ ರೂಢಿ. ಸ್ಪಿನ್ನಿಂಗ್ ರೀಲನ್ನು ಎಡಗೈಯಲ್ಲಿ ಸುತ್ತಿ ಪಳಗಿದವರಿಗೆ ಎಡಬದಿಯ ಹಿಡಿಯೇ ಹಿತ.

ಎಷ್ಟು ವ್ಯಯಿಸಬೇಕು?

ಬೆಲೆಗಳು ಅಂಗಡಿಗೆ, ಕಾಲಕ್ಕೆ ತಕ್ಕಂತೆ ಏರಿಳಿಯುತ್ತವೆ. ಸ್ಥೂಲವಾಗಿ ಹೇಳುವುದಾದರೆ 40 ಡಾಲರಿಗಿಂತ ಕಡಿಮೆಯ ರೀಲುಗಳಲ್ಲಿ ಬ್ರೇಕ್ ನಂಬುವಂತಿರುವುದು ಅಪರೂಪ. 50ರಿಂದ 70 ಡಾಲರಿನ ಶ್ರೇಣಿಯಲ್ಲಿ ಆಬು ಗಾರ್ಸಿಯಾದ ಬ್ಲ್ಯಾಕ್ ಮ್ಯಾಕ್ಸ್, ಕಾಸ್ಟ್‌ಕಿಂಗ್‌ನ ರಾಯಲ್ ಲೆಜೆಂಡ್ ಮುಂತಾದವು ಕಾಂತೀಯ ಬ್ರೇಕಿನೊಡನೆ ಬಂದು ಕಲಿಕೆಗೆ ಸಾಕೆನಿಸಿವೆ. ಎಸೆತ ಕಲಿತ ಮೇಲೆ ಹವ್ಯಾಸ ಮುಂದುವರಿಯುವುದೋ ಇಲ್ಲವೋ ಎಂಬ ಅನುಮಾನವಿದ್ದವರಿಗೆ ಈ ಶ್ರೇಣಿ ಒಳ್ಳೆಯದು.

ಮುಂದುವರಿಯುವ ಮನಸ್ಸಿದ್ದರೆ 100 ಡಾಲರಿನ ಆಸುಪಾಸಿನಲ್ಲಿ ನೋಡಬೇಕು. ಶಿಮಾನೊ 2018ರಲ್ಲಿ ಹೊರತಂದ ಎಸ್‌ಎಲ್‌ಎಕ್ಸ್ ಮಾದರಿಯಲ್ಲಿ ಲೋಹದ ಚೌಕಟ್ಟು, ಕೇಂದ್ರಾಪಗಾಮಿ ಬ್ರೇಕ್ ಇದೆ. ದೈವಾದ ಫ್ಯೂಗೊ ಶ್ರೇಣಿ ಕಾಂತೀಯ ಬ್ರೇಕಿನದು. ಹಿಂದೆ ದುಬಾರಿ ರೀಲುಗಳಿಗಷ್ಟೇ ಮೀಸಲಾಗಿದ್ದ ಗಟ್ಟಿತನ ಈಗ ಈ ಬೆಲೆಗೆ ಇಳಿದು ಬಂದಿದೆ. 200 ಡಾಲರ್ ದಾಟಿದ ಮೇಲೆ ಸಿಗುವ ಹೆಚ್ಚುವರಿ ಹಗುರತನ, ನಯಗಾರಿಕೆಗಳನ್ನು ಹೊಸ ಕೈ ಗುರುತಿಸುವುದು ಕಷ್ಟ.

ಬಳಸಿದ ರೀಲ್ ಕೊಳ್ಳುವವರು ಹಿಡಿಯನ್ನು ನಿಧಾನವಾಗಿ ತಿರುಗಿಸಿ ಗೇರಿನ ಕರಕರ ಸದ್ದು ಕೇಳಿಸುವುದೇ ಎಂದು ಆಲಿಸಬೇಕು. ಹಿಡಿಯನ್ನು ಹಿಂದಕ್ಕೆ ತಳ್ಳಿದರೆ ಅದು ಜಗ್ಗಬಾರದು. ಹೆಬ್ಬೆರಳ ಗುಂಡಿ ಒತ್ತಿದಾಗ ಸ್ಪೂಲ್ ಅಡೆತಡೆಯಿಲ್ಲದೆ ಬಹುಹೊತ್ತು ತಿರುಗಬೇಕು.

ಕೊಂಡ ಬಳಿಕ

ಮೊದಲು ಸ್ಪೂಲಿನ ಬಿಗಿ ಹೊಂದಿಸಿ. ಎರೆ ಕಟ್ಟಿ, ಕೋಲನ್ನು ಎತ್ತಿ ಹಿಡಿದು, ಹೆಬ್ಬೆರಳ ಗುಂಡಿ ಒತ್ತಿದಾಗ ಎರೆ ಮೆಲ್ಲನೆ ಇಳಿಯಬೇಕು. ಅದು ನೆಲ ಮುಟ್ಟಿದೊಡನೆ ಸ್ಪೂಲ್ ನಿಲ್ಲಬೇಕು. ಬ್ರೇಕನ್ನು ಗರಿಷ್ಠದಲ್ಲಿಟ್ಟು ಆರಂಭಿಸಿ, ಕೈ ಪಳಗಿದಂತೆ ತಗ್ಗಿಸುತ್ತ ಬನ್ನಿ. 10ರಿಂದ 14 ಗ್ರಾಂ ತೂಕದ ಎರೆ, 12ರಿಂದ 15 ಪೌಂಡ್ ಸಾಮರ್ಥ್ಯದ ಸಾದಾ ನೈಲಾನ್ ದಾರ ಕಲಿಕೆಗೆ ಯೋಗ್ಯ. 7 ಗ್ರಾಮಿಗಿಂತ ಹಗುರ ಎರೆ ಸ್ಪೂಲನ್ನು ಎಳೆಯಲಾರದು. ಅದಕ್ಕೆ ಸ್ಪಿನ್ನಿಂಗ್ ರೀಲೇ ಸರಿ. ನೀರಿಗಿಳಿಯುವ ಮುನ್ನ ಬಯಲಿನಲ್ಲಿ, ಕೊಕ್ಕೆಯಿಲ್ಲದ ತೂಕ ಕಟ್ಟಿ ಅಭ್ಯಾಸ ಮಾಡುವುದು ವಿವೇಕ. ಎರೆ ನೀರು ಮುಟ್ಟುವ ಕ್ಷಣದಲ್ಲಿ ಹೆಬ್ಬೆರಳು ಸ್ಪೂಲಿನ ಮೇಲೆ ಒತ್ತಿ ಅದನ್ನು ನಿಲ್ಲಿಸಬೇಕು. ಯಾವ ಬೆಲೆಯ ಬ್ರೇಕೂ ಈ ಕೆಲಸವನ್ನು ಪೂರ್ತಿಯಾಗಿ ಮಾಡಿಕೊಡದು.

ಬಿಡಿಸಲಾಗದ ಸಿಕ್ಕನ್ನು ಕತ್ತರಿಸಿದರೆ ಆ ದಾರವನ್ನು ದಂಡೆಯಲ್ಲಿ ಎಸೆಯಬೇಡಿ. ನೀರುಹಕ್ಕಿಗಳ ಕಾಲಿಗೆ, ಆಮೆಗಳ ಕೊರಳಿಗೆ ಅದು ಉರುಳಾಗುತ್ತದೆ. ಆಯಾ ರಾಜ್ಯದ ಮೀನುಗಾರಿಕೆ ಪರವಾನಗಿ, ಹಿಡಿಯಬಹುದಾದ ಮೀನಿನ ಸಂಖ್ಯೆ ಮತ್ತು ಅಳತೆಯ ನಿಯಮಗಳನ್ನೂ ಮುಂಚೆಯೇ ತಿಳಿದಿರಬೇಕು.

ಕರ್ನಾಟಕದ ಕೆರೆಗಳು ಬಾಸ್ ಮೀನಿನ ತವರಲ್ಲ. ಆದರೆ ರಬ್ಬರ್ ಕಪ್ಪೆ ಎಸೆದು ಮುರೆಲ್ ಹಿಡಿಯುವ ಇಲ್ಲಿನ ಹವ್ಯಾಸಿಗಳ ಕೈಯಲ್ಲೂ ಇದೇ ಬಗೆಯ ರೀಲ್ ಕಾಣುತ್ತದೆ. ವಿದೇಶದ ಬಂಧುಗಳಿಂದ ತರಿಸಿಕೊಳ್ಳುವವರು ಎಡ-ಬಲದ ಹಿಡಿಯನ್ನು ಸ್ಪಷ್ಟವಾಗಿ ತಿಳಿಸಬೇಕು. ಬಿಡಿಭಾಗ, ದುರಸ್ತಿಗೆ ಇಲ್ಲಿ ಏನು ಅನುಕೂಲವಿದೆ ಎಂದು ವಿಚಾರಿಸಿಕೊಳ್ಳಬೇಕು. ಅಂಗಡಿ ಅಲ್ಲಿನದಾಗಲಿ ಇಲ್ಲಿನದಾಗಲಿ ಮೊದಲು ಬ್ರೇಕ್, ಬಳಿಕ ಚೌಕಟ್ಟು, ಆಮೇಲೆ ಗೇರ್. ಇದೇ ಕ್ರಮದಲ್ಲಿ ನೋಡಿ ಕೊಂಡವರಿಗೆ ಹಣ ವ್ಯರ್ಥವಾಗದು.