ಚಾರ್ಲ್ಸ್ ನದಿಯ ದಂಡೆ ಓಟಗಾರರಿಗೆ ದಕ್ಕಿದ ಬಗೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹಾಪ್ಕಿಂಟನ್ ಎಂಬ ಸಣ್ಣ ಊರಿದೆ. ಪ್ರತಿ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಶುರುವಾಗುವುದು ಅಲ್ಲಿಂದ. ಬಾಸ್ಟನ್ ನಗರದ ಮಗ್ಗುಲಲ್ಲೇ ಹರಿದು ಕಡಲು ಸೇರುವ ಚಾರ್ಲ್ಸ್ ನದಿ ಹುಟ್ಟುವುದೂ ಅಲ್ಲೇ. ಓಟಗಾರರು 42 ಕಿ.ಮೀ.ಗೆ ಮುಗಿಸುವ ಪಯಣವನ್ನು ನದಿ ಸುತ್ತಿ ಬಳಸಿ ಸುಮಾರು 130 ಕಿ.ಮೀ. ಹರಿದು ಮುಗಿಸುತ್ತದೆ. ವಾಟರ್‌ಟೌನ್‌ನಿಂದ ಬಂದರಿನವರೆಗಿನ ಅದರ ಕೊನೆಯ ಭಾಗದಲ್ಲಿ, ಎರಡೂ ದಂಡೆಗಳನ್ನು ಬಳಸಿಕೊಂಡು, ಇಪ್ಪತ್ತೈದು ಕಿ.ಮೀ.ಗೂ ಉದ್ದದ ಸುತ್ತುದಾರಿಯೊಂದಿದೆ. ನದಿದಂಡೆಯ ಓಟದ ದಾರಿಗಳಲ್ಲಿ ಜಗತ್ತಿನ ಹೆಸರಾಂತ ದಾರಿಗಳ ಪೈಕಿ ಇದೂ ಒಂದು. ಜಪಾನಿನ ಕಾದಂಬರಿಕಾರ ಹರುಕಿ ಮುರಕಮಿ ತಮ್ಮ ಓಟದ ಬಗೆಗಿನ ಪುಸ್ತಕದಲ್ಲಿ ಇದನ್ನು ಪ್ರೀತಿಯಿಂದ ಬರೆದಿದ್ದಾರೆ. ಅಂದದ ಮಾತು ಬಂದಾಗಲೆಲ್ಲ ಈ ದಾರಿಯ ಫೋಟೊ ಮುಂದೆ ಬರುತ್ತದೆ. ಆದರೆ ಇಲ್ಲಿ ಅಂದ ಬಂದದ್ದು ಕೊನೆಗೆ. ಅದಕ್ಕೂ ಮೊದಲು ಮೂರು ಜಗಳಗಳು ನಡೆದವು: ದಂಡೆಯ ನೆಲ ಯಾರದ್ದು, ಊರಿನ ಕೊಳಚೆ ಎಲ್ಲಿಗೆ ಹೋಗಬೇಕು, ನೆರೆ ಬಂದಾಗ ನೀರಿಗೆ ಜಾಗ ಎಲ್ಲಿ. ಈ ಜಗಳಗಳನ್ನು ಬಗೆಹರಿಸಿಕೊಂಡ ಊರಿಗೆ ಮಾತ್ರ ನದಿದಂಡೆಯ ದಾರಿ ನಿಜವಾಗಿ ದಕ್ಕುತ್ತದೆ ಎಂಬುದಕ್ಕೆ ಚಾರ್ಲ್ಸ್ ನದಿಯಷ್ಟು ಸ್ಪಷ್ಟವಾದ ಸಾಕ್ಷಿ ಸಿಗುವುದು ಕಷ್ಟ.

ಓಡುವವರ ಕಣ್ಣಿನಿಂದ ನೋಡಿದರೆ ಈ ದಾರಿಯ ದೊಡ್ಡ ಗುಣ ಅದರ ಸೇತುವೆಗಳು. ಒಂದು ದಂಡೆಯಲ್ಲಿ ಹೋಗಿ ಇನ್ನೊಂದು ದಂಡೆಯಲ್ಲಿ ಮರಳಬಹುದು. ಎಷ್ಟು ದೂರ ಓಡಬೇಕೋ ಅಷ್ಟಕ್ಕೆ ತಕ್ಕ ಸೇತುವೆಯನ್ನು ಆರಿಸಿಕೊಂಡರಾಯಿತು. ಹೊಸಬರು ಲಾಂಗ್‌ಫೆಲೊ ಮತ್ತು ಹಾರ್ವರ್ಡ್ ಸೇತುವೆಗಳ ನಡುವಿನ ನಾಲ್ಕೈದು ಕಿ.ಮೀ. ಸುತ್ತಿಗೆ ತೃಪ್ತರಾಗುತ್ತಾರೆ, ಮ್ಯಾರಥಾನ್‌ಗೆ ತಯಾರಾಗುವವರು ಮೇಲಕ್ಕೆ, ವಾಟರ್‌ಟೌನ್‌ನವರೆಗೂ ಹೋಗುತ್ತಾರೆ. ಈ ದಾರಿಗೆ ಹೃದ್ರೋಗ ತಜ್ಞ ಪಾಲ್ ಡಡ್ಲಿ ವೈಟ್ ಅವರ ಹೆಸರಿದೆ. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಚಿಕಿತ್ಸೆ ನೀಡಿದವರು ಅವರು. ಹೃದ್ರೋಗಿಗೆ ಹಾಸಿಗೆಯೇ ಗತಿ ಎಂದು ನಂಬಿದ್ದ ಕಾಲದಲ್ಲಿ ನಡಿಗೆ ಮತ್ತು ಸೈಕಲ್ ಸವಾರಿಯ ಪರವಾಗಿ ಗಟ್ಟಿಯಾಗಿ ಮಾತಾಡಿದವರು. ಡಾಂಬರು ಹಾಕಿದ ದಾರಿಯ ಪಕ್ಕದಲ್ಲಿ ಹಲವು ಕಡೆ ಹುಲ್ಲು ಸವೆದು ಮಣ್ಣಿನ ಸಣ್ಣ ಪಟ್ಟಿಯೊಂದು ಮೂಡಿದೆ. ಅದನ್ನು ಯಾರೂ ನಕ್ಷೆಯಲ್ಲಿ ಬರೆದಿರಲಿಲ್ಲ. ಗಟ್ಟಿ ನೆಲಕ್ಕಿಂತ ಮೆತ್ತನೆಯ ನೆಲ ಮೊಣಕಾಲಿಗೆ ಹಿತವೆಂದು ಓಟಗಾರರೇ ತುಳಿದು ತುಳಿದು ಮಾಡಿಕೊಂಡ ದಾರಿ ಅದು. ನೀರಿನ ಅಂಚಿಗೆ ಗೋಡೆ ಕಟ್ಟಿ ಗ್ರಾನೈಟ್ ಹಾಸಿದ್ದರೆ ಇಂಥ ಪಟ್ಟಿ ಹುಟ್ಟಲು ಎಡೆಯೇ ಇರುತ್ತಿರಲಿಲ್ಲ.

ನೂರೈವತ್ತು ವರ್ಷಗಳ ಹಿಂದೆ ಇಲ್ಲಿ ಓಡುವುದಿರಲಿ, ಮೂಗು ಮುಚ್ಚದೆ ನಿಲ್ಲುವುದೂ ಕಷ್ಟವಿತ್ತು. ಉಬ್ಬರದಲ್ಲಿ ಕಡಲ ನೀರು ನದಿಯೊಳಕ್ಕೆ ನುಗ್ಗುತ್ತಿತ್ತು, ಇಳಿತದಲ್ಲಿ ಕೊಳಚೆ ತುಂಬಿದ ಕೆಸರು ಬಯಲಾಗುತ್ತಿತ್ತು. ಆ ದಂಡೆಯ ಮೇಲೆ ಮೊದಲ ಸಾರ್ವಜನಿಕ ವ್ಯಾಯಾಮದ ಜಾಗ ತಲೆಯೆತ್ತಿದ್ದು ಶ್ರೀಮಂತರಿಗಾಗಿ ಅಲ್ಲ. ವಲಸೆ ಬಂದ ಕೂಲಿಕಾರರು ಇಕ್ಕಟ್ಟಿನ ಮನೆಗಳಲ್ಲಿ ಬದುಕುತ್ತಿದ್ದ ವೆಸ್ಟ್ ಎಂಡ್ ಬಡಾವಣೆಯ ಪಕ್ಕ, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದ ಫ್ರೆಡ್ರಿಕ್ ಲಾ ಓಮ್‌ಸ್ಟೆಡ್ ಚಾರ್ಲ್ಸ್‌ಬ್ಯಾಂಕ್ ಎಂಬ ಉದ್ಯಾನವನ್ನು ವಿನ್ಯಾಸ ಮಾಡಿದರು. 1889ರಲ್ಲಿ ಅಲ್ಲಿ ಗಂಡಸರಿಗಾಗಿ ಬಯಲು ವ್ಯಾಯಾಮಶಾಲೆ ತೆರೆಯಿತು, ಹೆಂಗಸರಿಗಾಗಿ 1891ರಲ್ಲಿ. ಓಮ್‌ಸ್ಟೆಡ್‌ರ ಶಿಷ್ಯ ಚಾರ್ಲ್ಸ್ ಎಲಿಯಟ್ ಇನ್ನೂ ದೂರ ಯೋಚಿಸಿದರು. ಒಂದೊಂದು ಪಟ್ಟಣ ತನ್ನ ಗಡಿಯೊಳಗೆ ಒಂದೊಂದು ಉದ್ಯಾನ ಮಾಡಿದರೆ ನದಿ ತುಂಡು ತುಂಡಾಗುತ್ತದೆ. ಎಲ್ಲ ಪಟ್ಟಣಗಳನ್ನೂ ಮೀರಿದ ಒಂದೇ ಸಂಸ್ಥೆ ದಂಡೆಯನ್ನು ಉದ್ದಕ್ಕೂ ಕೊಳ್ಳಬೇಕು ಎಂಬುದು ಅವರ ಒತ್ತಾಯ. 1893ರಲ್ಲಿ ಅಂಥ ಆಯೋಗ ಬಂತು. ಎಲಿಯಟ್ ನಾಲ್ಕೇ ವರ್ಷದಲ್ಲಿ, 37ರ ಹರೆಯದಲ್ಲಿ ತೀರಿಕೊಂಡರು. ಇಂದು ಬಾಸ್ಟನ್, ಕೇಂಬ್ರಿಜ್, ವಾಟರ್‌ಟೌನ್‌ಗಳ ಗಡಿಗಳನ್ನು ಓಟಗಾರ ಗಮನಿಸದೆ ದಾಟುವುದಕ್ಕೆ ಆ ಒಂದು ಆಡಳಿತಾತ್ಮಕ ತೀರ್ಮಾನ ಕಾರಣ. 1910ರಲ್ಲಿ ನದೀಮುಖದಲ್ಲಿ ಅಣೆಕಟ್ಟು ಮುಗಿದು ಉಬ್ಬರವಿಳಿತ ನಿಂತಿತು, ಕೆಸರು ಮುಚ್ಚಿ ಸಿಹಿನೀರಿನ ಹರವು ಮೂಡಿತು.

ಆ ಅಣೆಕಟ್ಟಿಗಾಗಿ ಹೋರಾಡಿದವರಲ್ಲಿ ಮುಂಚೂಣಿಯಲ್ಲಿದ್ದವರು ಜೇಮ್ಸ್ ಸ್ಟಾರೊ. ಅವರ ಮರಣಾನಂತರ ಪತ್ನಿ ಹೆಲೆನ್ ಸ್ಟಾರೊ ದಂಡೆಯ ಉದ್ಯಾನವನ್ನು ಅಗಲಿಸಲು ಹತ್ತು ಲಕ್ಷ ಡಾಲರ್ ಕೊಟ್ಟರು. ಅದೇ ಹೊತ್ತಿಗೆ ದಂಡೆಗುಂಟ ಹೆದ್ದಾರಿ ಹಾಕುವ ಪ್ರಸ್ತಾಪ ಬಂದಿತ್ತು. ಹೆಲೆನ್ ಮತ್ತು ಹಲವು ನಾಗರಿಕರ ವಿರೋಧದಿಂದ ಅದು ಬಿದ್ದುಹೋಯಿತು. 1944ರಲ್ಲಿ ಹೆಲೆನ್ ತೀರಿಕೊಂಡರು. 1949ರಲ್ಲಿ ಶಾಸನಸಭೆ ಹೆದ್ದಾರಿಗೆ ಒಪ್ಪಿಗೆ ಕೊಟ್ಟಿತು, 1951ರಲ್ಲಿ ರಸ್ತೆ ತೆರೆಯಿತು, ಅದಕ್ಕೆ ಇಟ್ಟ ಹೆಸರು ಸ್ಟಾರೊ ಡ್ರೈವ್. ಯಾವ ದಂಪತಿ ಉದ್ಯಾನಕ್ಕಾಗಿ ದುಡಿದರೋ ಅವರದೇ ಹೆಸರು ಉದ್ಯಾನವನ್ನು ಊರಿನಿಂದ ಬೇರ್ಪಡಿಸಿದ ರಸ್ತೆಗೆ. ಇಂದಿಗೂ ಬ್ಯಾಕ್ ಬೇ ಬಡಾವಣೆಯಿಂದ ನದಿಗೆ ಹೋಗಬೇಕಾದವರು ಕಾಲ್ಸೇತುವೆ ಹತ್ತಿ, ಕೆಳಗೆ ಧಾವಿಸುವ ಕಾರುಗಳ ಸದ್ದನ್ನು ದಾಟಿ ಇಳಿಯಬೇಕು. ಎಲಿಯಟ್‌ರ ಆಯೋಗ ನೆಲವನ್ನು ಸಾರ್ವಜನಿಕವಾಗಿ ಕೊಂಡಿಟ್ಟಿದ್ದರಿಂದಲೇ ರಸ್ತೆಯ ಆಚೆಗೆ ಇಷ್ಟಾದರೂ ಉಳಿಯಿತು. ಒಮ್ಮೆ ಗೆದ್ದ ದಂಡೆಯನ್ನು ಪ್ರತಿ ತಲೆಮಾರೂ ಮತ್ತೆ ಕಾಯಬೇಕಾಗುತ್ತದೆ. ಕಾಯುವವರು ಕಣ್ಣುಮುಚ್ಚಿದ ಐದೇ ವರ್ಷಕ್ಕೆ ಏನಾಗಬಹುದು ಎಂಬುದು ಇಲ್ಲಿ ಕಣ್ಣೆದುರಿಗಿದೆ.

ಇನ್ನು ನೀರು. ದಂಡೆ ಚೆಂದವಾಗಿ ಅರ್ಧ ಶತಮಾನ ಕಳೆದರೂ ನದಿ ಕೊಳಕಾಗಿಯೇ ಇತ್ತು. 1960ರ ದಶಕದ ಜನಪ್ರಿಯ ರಾಕ್ ಹಾಡೊಂದರ ಹೆಸರೇ ‘ಡರ್ಟಿ ವಾಟರ್’. ಅದು ಈ ನದಿಯ ಬಗ್ಗೆ. ಹಳೆಯ ಒಳಚರಂಡಿಯಲ್ಲಿ ಮಳೆನೀರಿಗೂ ಮಲಿನ ನೀರಿಗೂ ಒಂದೇ ಕೊಳವೆ. ಜೋರು ಮಳೆಯಾದರೆ ಕೊಳವೆ ತುಂಬಿ ಎಲ್ಲವೂ ನೇರ ನದಿಗೆ. ಸಂಸ್ಕರಣಾ ಘಟಕಗಳಿದ್ದವು, ಅವು ಹಳತಾಗಿ ಸೋತಿದ್ದವು. ಈ ಸ್ಥಿತಿ ಕದಲಿದ್ದಕ್ಕೆ ಒಬ್ಬ ಓಟಗಾರನೂ ಕಾರಣ. 1982ರಲ್ಲಿ ಪಕ್ಕದ ಕ್ವಿನ್ಸಿ ನಗರದ ಸರ್ಕಾರಿ ವಕೀಲ ವಿಲಿಯಂ ಗೋಲ್ಡನ್ ವಾಲಾಸ್ಟನ್ ಕಡಲತೀರದಲ್ಲಿ ಜಾಗಿಂಗ್ ಮಾಡುವಾಗ ಕಾಲಡಿಗೆ ಸಿಕ್ಕಿದ್ದು ಕೊಳಚೆಯ ಮುದ್ದೆಗಳು. ಅವರು ಮೊಕದ್ದಮೆ ಹೂಡಿಸಿದರು. ನ್ಯಾಯಾಲಯದ ಒತ್ತಡಕ್ಕೆ ಮಣಿದು 1984ರಲ್ಲಿ ಇಡೀ ಪ್ರದೇಶದ ನೀರು ಮತ್ತು ಒಳಚರಂಡಿಗೆ ಪ್ರತ್ಯೇಕ ಪ್ರಾಧಿಕಾರ ಸ್ಥಾಪನೆಯಾಯಿತು. ಸುಮಾರು 380 ಕೋಟಿ ಡಾಲರ್ ವೆಚ್ಚದಲ್ಲಿ ಬಂದರಿನ ಶುದ್ಧೀಕರಣ ನಡೆಯಿತು. ಕೇಂದ್ರ ನ್ಯಾಯಾಲಯದ ಉಸ್ತುವಾರಿಯಲ್ಲೇ ಚಾರ್ಲ್ಸ್‌ಗೆ ಉಕ್ಕುತ್ತಿದ್ದ ಕೊಳಚೆಗೂ ಕಡಿವಾಣ ಬಿತ್ತು. 1995ರಲ್ಲಿ ಕೇಂದ್ರ ಪರಿಸರ ಸಂರಕ್ಷಣಾ ಸಂಸ್ಥೆ ಶಾಲೆಯ ಮಕ್ಕಳಿಗೆ ಕೊಡುವಂತೆ ನದಿಗೆ ವರ್ಷ ವರ್ಷ ಅಂಕಪಟ್ಟಿ ಕೊಡಲು ಶುರುಮಾಡಿತು. ಮೊದಲ ವರ್ಷ ಸಿಕ್ಕಿದ್ದು ‘ಡಿ’ ದರ್ಜೆ. 2011ರಲ್ಲಿ ಇದೇ ನದಿಗೆ ಅಂತರರಾಷ್ಟ್ರೀಯ ನದಿ ಪ್ರಶಸ್ತಿ ಬಂತು, 2013ರಲ್ಲಿ ಅರ್ಧ ಶತಮಾನದ ನಂತರ ಮೊದಲ ಬಾರಿಗೆ ಜನ ಅಧಿಕೃತವಾಗಿ ನೀರಿಗಿಳಿದು ಈಜಿದರು. ಬೇಸಿಗೆಯಲ್ಲಿ ಈಗಲೂ ಕೆಲವೊಮ್ಮೆ ನೀಲಿಹಸಿರು ಪಾಚಿ ಹಬ್ಬುತ್ತದೆ, ಬೀದಿಗಳ ಮಳೆನೀರು ತರುವ ರಂಜಕ ಅದಕ್ಕೆ ಮುಖ್ಯ ಕಾರಣ. ಅಣೆಕಟ್ಟಿನ ಹಿಂದೆ ನೀರು ಹೆಚ್ಚುಕಡಿಮೆ ನಿಂತೇ ಇರುವುದರಿಂದ ಈ ಸಮಸ್ಯೆ ಪೂರ್ತಿ ಹೋಗುವ ಲಕ್ಷಣವಿಲ್ಲ, ಅದನ್ನು ಮುಚ್ಚಿಡುವುದೂ ಸರಿಯಲ್ಲ.

ಮೂರನೆಯ ತೀರ್ಮಾನ ಓಟಗಾರರ ಕಣ್ಣಿಗೆ ಬೀಳುವುದೇ ಇಲ್ಲ, ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ. 1955 ಮತ್ತು 1968ರ ನೆರೆಗಳ ನಂತರ ಸೇನೆಯ ಎಂಜಿನಿಯರುಗಳು ಚಾರ್ಲ್ಸ್ ನದಿಯನ್ನು ಅಧ್ಯಯನ ಮಾಡಿದರು. ಊರಿನೊಳಗೆ ಬಿದ್ದ ಮಳೆ ಕೆಲವೇ ಗಂಟೆಗಳಲ್ಲಿ ನದಿಯನ್ನು ಉಕ್ಕಿಸುತ್ತಿತ್ತು. ಮೇಲ್ಪಾತ್ರದಲ್ಲಿ ಬಿದ್ದ ಮಳೆ ಮಾತ್ರ ದಿನಗಟ್ಟಲೆ ತಡವಾಗಿ, ನಿಧಾನವಾಗಿ ಬರುತ್ತಿತ್ತು. ಅಲ್ಲಿನ ಜೌಗುನೆಲಗಳು ನೀರನ್ನು ಹಿಡಿದಿಟ್ಟು ಮೆಲ್ಲನೆ ಬಿಡುತ್ತಿದ್ದವು. ಸುಮಾರು ಹತ್ತು ಕೋಟಿ ಡಾಲರಿನ ಅಣೆಕಟ್ಟುಗಳ ಬದಲು ಆ ಜೌಗನ್ನೇ ಕೊಂಡು, ಅಲ್ಲಿ ಯಾರೂ ಮಣ್ಣು ತುಂಬದಂತೆ ಕಾನೂನಿನಿಂದ ಕಟ್ಟಿಹಾಕುವುದು ಅಗ್ಗ ಎಂಬ ತೀರ್ಮಾನಕ್ಕೆ ಅವರು ಬಂದರು. 1974ರಲ್ಲಿ ಒಪ್ಪಿಗೆ ಸಿಕ್ಕು, 1980ರ ದಶಕದ ಆರಂಭದ ಹೊತ್ತಿಗೆ ಎಂಟು ಸಾವಿರಕ್ಕೂ ಹೆಚ್ಚು ಎಕರೆ ಜೌಗು ಹೀಗೆ ಉಳಿಯಿತು. ಕಾಂಕ್ರೀಟ್ ಕಟ್ಟುವುದೇ ಕಸುಬಾದ ಎಂಜಿನಿಯರುಗಳು ಮೇಲ್ಪಾತ್ರದಲ್ಲಿ ಏನನ್ನೂ ಕಟ್ಟಬೇಡಿ ಎಂದು ವರದಿ ಬರೆದದ್ದು ಸಣ್ಣ ಮಾತಲ್ಲ. ಕೆಳಗೆ ಬಾಸ್ಟನ್ನಿನಲ್ಲಿ ಹುಲ್ಲಿನ ದಂಡೆ, ತಗ್ಗು ದಾರಿ, ನೀರಿಗೆ ಕೈಗೆಟಕುವಂತಿರುವ ಕಟ್ಟೆಗಳು ಸುಸೂತ್ರವಾಗಿರುವುದಕ್ಕೆ ಹತ್ತಾರು ಕಿ.ಮೀ. ಮೇಲಿನ ಆ ಜೌಗುಗಳ ಋಣವೂ ಇದೆ.

ಇದೆಲ್ಲ ಹಣವುಳ್ಳ ದೇಶದ ಕತೆ ಎಂದು ಯಾರಾದರೂ ಹೇಳಬಹುದು. ಕೊಳಚೆ ಶುದ್ಧೀಕರಣಕ್ಕೆ ಹಣ ಬೇಕಾಯಿತು ನಿಜ, ಅದರ ಬಹುಪಾಲನ್ನು ತೆತ್ತವರು ಅಲ್ಲಿನ ಮನೆಮನೆಯವರು. ನೀರಿನ ಬಿಲ್ ಏರಿ ಬೀದಿಯಲ್ಲಿ ಪ್ರತಿಭಟನೆಯೂ ಆಯಿತು. ಆದರೆ ದಂಡೆಯ ನೆಲವನ್ನು ಮಾರದಿರುವುದು, ಜೌಗನ್ನು ತುಂಬದಿರುವುದು ಖರ್ಚು ಉಳಿಸಿದ ಕೆಲಸಗಳು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ: ಚೆಂದದ ದಂಡೆ ಬಡವರನ್ನು ಹೊರದಬ್ಬುತ್ತದೆ. ಈ ಮಾತಿಗೆ ಬಾಸ್ಟನ್ನೇ ಪುರಾವೆ ಕೊಡುತ್ತದೆ. ಯಾವ ವೆಸ್ಟ್ ಎಂಡ್‌ನ ಕೂಲಿಕಾರರಿಗಾಗಿ ಚಾರ್ಲ್ಸ್‌ಬ್ಯಾಂಕ್ ಮೂಡಿತ್ತೋ ಆ ಬಡಾವಣೆಯನ್ನು 1950ರ ದಶಕದ ಕೊನೆಯಲ್ಲಿ ನಗರ ನವೀಕರಣದ ಹೆಸರಿನಲ್ಲಿ ನೆಲಸಮ ಮಾಡಿ ಸಾವಿರಾರು ಕುಟುಂಬಗಳನ್ನು ಎಬ್ಬಿಸಿದರು, ಆ ಜಾಗದಲ್ಲಿ ದುಬಾರಿ ಬಾಡಿಗೆಯ ಗೋಪುರಗಳು ಎದ್ದವು. ಉದ್ಯಾನ ಉಳಿಯಿತು, ಅದು ಯಾರಿಗಾಗಿತ್ತೋ ಅವರು ಉಳಿಯಲಿಲ್ಲ. ನಮ್ಮ ಅಹಮದಾಬಾದಿನಲ್ಲೂ ಸಾಬರಮತಿಯ ದಂಡೆ ಸಿದ್ಧವಾಗುವಾಗ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಟ್ಟವು. ಅಲ್ಲಿ ಎರಡೂ ಬದಿ ತಲಾ ಹನ್ನೊಂದು ಕಿ.ಮೀ. ಕಾಂಕ್ರೀಟ್ ಗೋಡೆ ಇದೆ, ಗೋಡೆಯ ನಡುವೆ ನರ್ಮದಾ ಕಾಲುವೆಯಿಂದ ತಂದ ನೀರಿದೆ. ನಡೆಯುವವರಿಗೆ ಅಗಲವಾದ ದಾರಿ ಸಿಕ್ಕಿತು ಎಂಬುದು ಸುಳ್ಳಲ್ಲ. ಆದರೆ ಊರು ದಾಟಿದ ಮೇಲೆ ಅದೇ ನದಿಗೆ ಬೀಳುವ ಕೊಳಚೆಯನ್ನು ಕಂಡು 2021ರಲ್ಲಿ ಗುಜರಾತ್ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ಹಣ ಅಲ್ಲಿಯೂ ಧಾರಾಳವಾಗಿ ಖರ್ಚಾಯಿತು, ದಂಡೆಗೆ ಮೊದಲು, ಕೊಳವೆಗೆ ಆಮೇಲೆ.

ಮುಂಗಾರಿನ ನದಿಗೆ ಈ ಪಾಠ ಹೊಂದುವುದಿಲ್ಲ ಎಂಬ ಎಂಜಿನಿಯರುಗಳ ಮಾತಿಗೂ ಉತ್ತರ ಬೇಕು. ಚಾರ್ಲ್ಸ್ ಸಣ್ಣ ನದಿ. ನಮ್ಮ ತುಂಗೆ ಬೇಸಿಗೆಯಲ್ಲಿ ಬಂಡೆ ತೋರಿಸಿ ಜುಲೈನಲ್ಲಿ ಕೆಂಪು ನೀರಾಗಿ ಭೋರ್ಗರೆಯುವವಳು. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೆಂದರೆ ಹೊಳೆ ತುಂಬಿತು ಎಂದು ಊರಿಗೆ ಊರೇ ನೋಡಲು ಬರುತ್ತದೆ. ಗಾಜನೂರು ಅಣೆಕಟ್ಟಿನ ಗೇಟುಗಳಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂಬುದಕ್ಕಿಂತ ಆ ಮಂಟಪ ಹೇಳುವ ಮಾತು ಜನಕ್ಕೆ ಬೇಗ ಅರ್ಥವಾಗುತ್ತದೆ. 2019ರ ಆಗಸ್ಟ್‌ನಲ್ಲಿ ಅದೇ ನೀರು ತಗ್ಗಿನ ಬಡಾವಣೆಗಳಿಗೆ ನುಗ್ಗಿತು. ಈಗ ಸ್ಮಾರ್ಟ್ ಸಿಟಿ ಯೋಜನೆಯಡಿ ತುಂಗೆಯ ಉತ್ತರ ದಂಡೆಯಲ್ಲಿ ನಡಿಗೆಗೂ ಸೈಕಲ್ಲಿಗೂ ದಾರಿಯಾಗಿದೆ. ಸಂಜೆ ಅಲ್ಲಿ ಕಾಲಾಡುವುದು ಊರಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನನ್ನ ಆತಂಕ ಮುಂದಿನ ಹೆಜ್ಜೆಗಳ ಬಗ್ಗೆ. ನೀರಿನ ಏರಿಳಿತ ಹೆಚ್ಚಿದಷ್ಟೂ ದಂಡೆಯಲ್ಲಿ ಮುಳುಗಲು ಬಿಟ್ಟ ಜಾಗ ಹೆಚ್ಚಿರಬೇಕು. ವರ್ಷಕ್ಕೆ ಒಂದಷ್ಟು ದಿನ ನೀರಿನಡಿ ಹೋಗಿ ಮತ್ತೆ ಮೇಲೇಳುವ ಮಣ್ಣಿನ ದಾರಿ, ಬೇರಿನಿಂದ ದಂಡೆ ಹಿಡಿಯುವ ಹೊಂಗೆ, ಹೊಳೆಮತ್ತಿಯಂಥ ಮರಗಳು, ಹಳೆಯ ಘಟ್ಟದ ಮೆಟ್ಟಿಲುಗಳು ಇದನ್ನು ಸಹಿಸುತ್ತವೆ. ನೆಟ್ಟಗೆ ಎದ್ದ ಗೋಡೆ ನೀರನ್ನು ಎದುರು ದಂಡೆಗೂ ಕೆಳಗಿನ ಊರಿಗೂ ತಳ್ಳುತ್ತದೆ. ಮುಂಗಾರು ಇರುವುದರಿಂದ ಜೌಗಿನ ಪಾಠ ನಮಗೆ ಬಾಸ್ಟನ್ನಿಗಿಂತ ಹೆಚ್ಚೇ ಹೊಂದುತ್ತದೆ.

ಹಣವೂ ಬೇಡದ, ಗೋಡೆಯೂ ಬೇಡದ ಒಂದು ಕೆಲಸವನ್ನು ಮಾತ್ರ ಚಾರ್ಲ್ಸ್ ದಂಡೆಯಿಂದ ನಾಳೆಯೇ ಎತ್ತಿಕೊಳ್ಳಬಹುದು. ಕೇಂಬ್ರಿಜ್ ಬದಿಯ ಮೆಮೊರಿಯಲ್ ಡ್ರೈವ್‌ನಲ್ಲಿ 1960ರ ದಶಕದಲ್ಲಿ ರಸ್ತೆ ಸುಧಾರಣೆಗೆಂದು ಸಾಲುಮರಗಳನ್ನು ಕಡಿಯಲು ಸರ್ಕಾರ ಹೊರಟಾಗ ನಾಗರಿಕರು ಅಡ್ಡ ನಿಂತು ಉಳಿಸಿಕೊಂಡರು. ಮರ ಉಳಿಸಿದ ಅದೇ ಜನ ಆಮೇಲೆ ಇನ್ನೊಂದು ಬೇಡಿಕೆ ಇಟ್ಟರು: ವಾರಕ್ಕೊಮ್ಮೆಯಾದರೂ ರಸ್ತೆಯನ್ನು ಕಾಲಿಗೆ ಬಿಟ್ಟುಕೊಡಿ. 1970ರ ದಶಕದ ನಡುವಿನಿಂದ ವಸಂತದಿಂದ ನವೆಂಬರಿನವರೆಗೆ ಪ್ರತಿ ಭಾನುವಾರ ಆ ನದಿಬದಿಯ ರಸ್ತೆಯ ಒಂದು ಭಾಗದಲ್ಲಿ ಕಾರುಗಳಿಗೆ ಪ್ರವೇಶವಿಲ್ಲ. ನಾಲ್ಕು ಪಥಗಳ ತುಂಬ ಮಕ್ಕಳ ಸೈಕಲ್ಲು, ತಳ್ಳುಗಾಡಿಯ ಕೂಸುಗಳು, ಓಡುವವರು, ಸುಮ್ಮನೆ ನಡೆಯುವವರು. ಟ್ರಾಫಿಕ್ ಪಕ್ಕದ ಬೀದಿಗಳಿಗೆ ತಿರುಗುತ್ತದೆ ಎಂಬ ದೂರು ಈಗಲೂ ಇದೆ, ರಸ್ತೆ ಈಗಲೂ ಭಾನುವಾರ ಮುಚ್ಚುತ್ತದೆ. ಅದಕ್ಕೆ ತಗಲುವುದು ಎರಡು ತುದಿಗೆ ಅಡ್ಡ ಇಡುವ ಒಂದಷ್ಟು ಬ್ಯಾರಿಕೇಡುಗಳು.