ಪಕ್ಕೆಲುಬಿನ ಲೆಕ್ಕ

ನಮ್ಮ ಸೀಮೆಯಲ್ಲಿ ‘ಮೈ ತುಂಬಿಕೊಂಡಿದೆ’ ಎಂಬುದು ಆಶೀರ್ವಾದದ ಮಾತು. ಮಗುವಾಗಲಿ, ಸೊಸೆಯಾಗಲಿ, ಉಳುವ ಎತ್ತಾಗಲಿ ಮೈ ತುಂಬಿಕೊಂಡರೆ ಆ ಮನೆಯಲ್ಲಿ ಲಕ್ಷ್ಮಿ ನೆಲೆಸಿದ್ದಾಳೆಂದೇ ಅರ್ಥ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಳೆ ಕಂಡದ್ದಕ್ಕಿಂತ ಮಳೆಗಾಗಿ ಕಾದದ್ದೇ ಹೆಚ್ಚು. ಇಂಥ ನೆಲದಲ್ಲಿ ನಿಂತು, ಕೊಬ್ಬೂ ಒಂದು ರೋಗವೆಂದರೆ ನಂಬುವವರು ಯಾರು? ನಾನಂತೂ ನಂಬಿರಲಿಲ್ಲ. ನಂಬಿಸಿದವನು ನಮ್ಮ ಮನೆಯ ನಾಯಿ ರಾಜ.

ರಾಜ ಲ್ಯಾಬ್ರಡಾರ್ ಜಾತಿಯವನು. ಬೆಂಗಳೂರಿನಲ್ಲಿದ್ದ ಮಗ ಹೊರದೇಶಕ್ಕೆ ಹೊರಟಾಗ ಮಧುಗಿರಿಯ ನಮ್ಮ ಮನೆಯಲ್ಲಿ ಅವನನ್ನು ಬಿಟ್ಟುಹೋದ. ಮೂರು ವರ್ಷಗಳಲ್ಲಿ ರಾಜ ಬೆಳೆದ ಪರಿಯನ್ನು ಕಂಡು ಬೀದಿಯ ಜನ, “ಒಳ್ಳೆ ಕರು ಇದ್ದ ಹಾಗಿದೆ, ಮೇಷ್ಟ್ರೇ! ಚೆನ್ನಾಗಿ ಸಾಕಿದ್ದೀರಿ” ಎನ್ನುತ್ತಿದ್ದರು. ನಾನು ಹಿಗ್ಗುತ್ತಿದ್ದೆ.

ಕಳೆದ ವರ್ಷ ಒಂದು ದಿನ ಬೆಳಗ್ಗೆ ಬೆಟ್ಟದ ಬುಡದವರೆಗೆ ನಡೆದು ಹೋಗಿದ್ದೆವು. ಬಿಸಿಲಿನ್ನೂ ಏರಿರಲಿಲ್ಲ. ಆದರೂ ರಾಜ ದಾರಿಯ ನಡುವೆಯೇ ಕುಳಿತುಬಿಟ್ಟ. ನಾಲಗೆ ಹೊರಚಾಚಿ ಏದುಸಿರು ಬಿಡುತ್ತಿದ್ದ. ಎಷ್ಟು ಕರೆದರೂ ಏಳಲೊಲ್ಲ. ಅದೇ ಹೊತ್ತಿಗೆ ಶಿರಾ ಕಡೆಯ ಕುರಿಮಂದೆಯೊಂದು ಆ ದಾರಿಯಲ್ಲಿ ಬಂತು. ಮಂದೆಯ ಹಿಂದೆ ಎರಡು ನಾಯಿಗಳು. ರಾತ್ರಿಯೆಲ್ಲ ಕುರಿ ಕಾದು, ಹಗಲೆಲ್ಲ ನಡೆದು, ಒಂದು ತುತ್ತು ಮುದ್ದೆ, ಒಂದು ಗುಟುಕು ಮಜ್ಜಿಗೆಯಲ್ಲಿ ಬಾಳುವ ಜೀವಗಳು. ಅವುಗಳ ನಡಿಗೆಯಲ್ಲಿ ಆಯಾಸದ ಸುಳಿವೇ ಇರಲಿಲ್ಲ. ಕುರುಬ ರಾಜನನ್ನು ದಿಟ್ಟಿಸಿ ನೋಡಿ, “ಏನೋ ಕಾಯಿಲೆ ಐತೆ, ಸ್ವಾಮಿ, ಇದಕ್ಕೆ” ಎಂದ. ಮೂರು ವರ್ಷಗಳಲ್ಲಿ ನನ್ನ ನಾಯಿಯನ್ನು ಹೊಗಳದೆ ಹೋದವನು ಅವನೊಬ್ಬನೇ.

ಕೊರಟಗೆರೆಯ ಕಡೆಯ ನನ್ನ ಹಳೆಯ ಶಿಷ್ಯನೊಬ್ಬ ಈಗ ಪಶುವೈದ್ಯ. ಮನೆಗೆ ಬಂದವನು ರಾಜನ ಪಕ್ಕದಲ್ಲಿ ಕುಳಿತು ನನಗೇ ಪಾಠ ಹೇಳಿದ. “ಒಂದು ಕೈಯನ್ನು ಮುಂದೆ ಚಾಚಿ ಇನ್ನೊಂದು ಕೈಯ ಬೆರಳುಗಳಿಂದ ಮುಟ್ಟಿಕೊಳ್ಳಿ, ಸಾರ್. ಮುಷ್ಟಿ ಬಿಗಿದಾಗ ಗೆಣ್ಣುಗಳು ಉಬ್ಬಿರುವಂತೆ ನಾಯಿಯ ಪಕ್ಕೆಲುಬು ಸಿಕ್ಕಿದರೆ ಅದು ಬಡಕಲು. ಬಿಚ್ಚಿದ ಕೈಯ ಹಿಂಭಾಗದ ಮೂಳೆಗಳಂತೆ ಸಿಕ್ಕಿದರೆ ಸರಿಯಾದ ಮೈ. ಅಂಗೈಯನ್ನು ಒತ್ತಿದಂತೆ ಮೆತ್ತಗೆ ಸಿಕ್ಕಿದರೆ ಕೊಬ್ಬು.” ನಾನು ರಾಜನ ಪಕ್ಕೆಗೆ ಬೆರಳಿಟ್ಟೆ. ಪಕ್ಕೆಲುಬು ಸಿಕ್ಕಲೇ ಇಲ್ಲ.

ಇನ್ನೆರಡು ಗುರುತುಗಳನ್ನೂ ಅವನು ತೋರಿಸಿದ. ಮೇಲಿನಿಂದ ನೋಡಿದರೆ ಪಕ್ಕೆಲುಬುಗಳ ಹಿಂದೆ ಸೊಂಟ ಒಳಸರಿದಿರಬೇಕು. ಪಕ್ಕದಿಂದ ನೋಡಿದರೆ ಹೊಟ್ಟೆ ಹಿಂಗಾಲಿನ ಕಡೆಗೆ ಮೇಲೇರಿರಬೇಕು. ರಾಜನದು ಮೇಲಿನಿಂದ ಪೀಪಾಯಿ, ಪಕ್ಕದಿಂದ ಹಲಗೆ. ಆದರೆ ಎಲ್ಲ ಜಾತಿಗೂ ಒಂದೇ ಅಳತೆಯಲ್ಲ. ನಮ್ಮ ಮುಧೋಳದ ನಾಯಿಯ ಮೈಕಟ್ಟೇ ತೆಳುವು. ಅದರ ಕೊನೆಯ ಪಕ್ಕೆಲುಬುಗಳು ಕಣ್ಣಿಗೆ ಕಂಡ ಮಾತ್ರಕ್ಕೆ ಅದು ಹಸಿದಿದೆಯೆಂದು ಮರುಗಬೇಕಾಗಿಲ್ಲ.

ಪಶುವೈದ್ಯರು ನಾಯಿಯ ಮೈಗೆ ಒಂದರಿಂದ ಒಂಬತ್ತರವರೆಗೆ ಅಂಕ ಕೊಡುತ್ತಾರೆ. ನಾಲ್ಕು, ಐದು ಬಂದರೆ ಆರೋಗ್ಯ. ಐದರ ಮೇಲಿನ ಒಂದೊಂದು ಅಂಕಕ್ಕೂ ಸುಮಾರು ಶೇಕಡಾ 10ರಷ್ಟು ಹೆಚ್ಚಿನ ತೂಕ. ರಾಜನಿಗೆ ಬಂದದ್ದು ಎಂಟು. ಜೀವಮಾನವೆಲ್ಲ ಅಂಕ ಕೊಟ್ಟು ಬದುಕಿದ ನಾನು, ಅಂಕ ಹೆಚ್ಚಿತೆಂದು ನಾಚಿದ್ದು ಅದೇ ಮೊದಲು.

ತೂಗಲು ತಕ್ಕಡಿ ಬೇಕಲ್ಲ? ಪರಿಚಯದ ಹುಣಸೆಹಣ್ಣಿನ ವ್ಯಾಪಾರಿಯೊಬ್ಬರ ಮಂಡಿಗೆ ಕರೆದೊಯ್ದೆ. ಮೂಟೆ ತೂಗುವ ಹಲಗೆಯ ಮೇಲೆ ರಾಜ ಗಂಭೀರವಾಗಿ ಕುಳಿತ. ಮುಳ್ಳು 39 ಕಿಲೋ ತೋರಿಸಿತು. “ಯಾವ ದರಕ್ಕೆ ಹಾಕೋಣ, ಮೇಷ್ಟ್ರೇ?” ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಅವನಿಗೆ 30 ಕಿಲೋ ಸಾಕೆಂದು ಶಿಷ್ಯ ಹೇಳಿದ್ದ. ಉಳಿದ ಒಂಬತ್ತು ಕಿಲೋ ಹೊರೆಯನ್ನು ಆ ನಾಲ್ಕು ಕಾಲುಗಳು ಹಗಲಿರುಳು ಹೊತ್ತಿದ್ದವು.

ಥೈರಾಯ್ಡ್ ಗ್ರಂಥಿ ಸೊರಗಿದರೂ ನಾಯಿ ಊದುವುದುಂಟು. ರಕ್ತಪರೀಕ್ಷೆಯಲ್ಲಿ ಆ ದೋಷ ಕಾಣಲಿಲ್ಲ. ಲ್ಯಾಬ್ರಡಾರಿನ ಹೊಟ್ಟೆಬಾಕತನಕ್ಕೆ ರಕ್ತದ ಕಾರಣವೂ ಇದೆ. ಸುಮಾರು ನಾಲ್ಕರಲ್ಲೊಂದು ಲ್ಯಾಬ್ರಡಾರಿನಲ್ಲಿ ಹಸಿವನ್ನು ಹತೋಟಿಯಲ್ಲಿಡುವ ಒಂದು ಜೀನ್ ಕೆಟ್ಟಿರುತ್ತದೆಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ತೋರಿಸಿಕೊಟ್ಟರು. ಆದರೆ ತಟ್ಟೆಗೆ ಬಡಿಸುವುದು ಜೀನಲ್ಲ, ನಾವು. ಇಡೀ ದಿನದ ಲೆಕ್ಕವನ್ನು ಬರೆದು ನೋಡಿದೆ. ತೂಕ ಇಳಿಯಬೇಕಾದ ರಾಜನಿಗೆ ದಿನಕ್ಕೆ ಸುಮಾರು 900 ಕ್ಯಾಲರಿ ಸಾಕು. ಕಾಫಿಯ ಹೊತ್ತಿನಲ್ಲಿ ನನ್ನ ಕೈಯಿಂದ ಅವನಿಗೆ ಸಲ್ಲುತ್ತಿದ್ದ ಹತ್ತು ಮಾರಿ ಬಿಸ್ಕತ್ತುಗಳೇ 250. ಒಂದು ಹಿಡಿ ಕಡಲೆಕಾಯಿ ಬೀಜ 170. ಮುದ್ದೆ ಬಡಿಸುವ ಮೊದಲೇ ಅರ್ಧ ದಿನದ ಊಟ ಮುಗಿದಿರುತ್ತಿತ್ತು!

ಈ ಲೆಕ್ಕವನ್ನು ಅಮ್ಮನ ಮುಂದಿಟ್ಟೆ. ಆಕೆಗೆ 84 ವರ್ಷ, ತವರು ಪಾವಗಡ. ತನ್ನ ತಟ್ಟೆಯ ಕೊನೆಯ ತುತ್ತು ರಾಜನಿಗೆ ಸೇರದೆ ಆಕೆ ಕೈ ತೊಳೆದವಳಲ್ಲ. “ಬಾಯಿಲ್ಲದ ಜೀವ ಕಣೋ. ಬೇಡುವ ಕಣ್ಣಿಗೆ ಇಲ್ಲ ಅಂದರೆ ನನಗೆ ಮುದ್ದೆ ಇಳಿಯುತ್ತದೆಯೆ?” ಎಂದಳು. ಧಾತು, ಈಶ್ವರ ಸಂವತ್ಸರಗಳ ಬರದ ಕಥೆಯನ್ನು, ಎಂದರೆ 1876ರಿಂದ 78ರವರೆಗೆ ಮೈಸೂರು ಸಂಸ್ಥಾನದ ಲಕ್ಷಾಂತರ ಜನರನ್ನು ನುಂಗಿದ ಕ್ಷಾಮದ ಕಥೆಯನ್ನು, ಆಕೆ ತನ್ನ ಅಜ್ಜಿಯ ಬಾಯಿಂದ ಕೇಳಿ ಬೆಳೆದವಳು. ಅನ್ನವಿಡುವುದಕ್ಕಿಂತ ದೊಡ್ಡ ಪ್ರೀತಿ ಆಕೆಗೆ ಗೊತ್ತಿಲ್ಲ. ಅದನ್ನು ತಪ್ಪೆನ್ನಲು ನಾನು ಯಾರು?

ನಾನು ಒಂದೇ ಒಂದು ಸಂಗತಿ ಹೇಳಿದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ ಬದುಕಿರುವಷ್ಟು ಕಾಲವೂ ಸಾಕಿದರು. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಮೆ ಊಟ. 2002ರಲ್ಲಿ ಫಲಿತಾಂಶ ಪ್ರಕಟವಾಯಿತು: ಕಡಮೆ ಉಂಡ ಗುಂಪು ಸುಮಾರು 13 ವರ್ಷ ಬಾಳಿತು, ಹೆಚ್ಚು ಉಂಡದ್ದು ಸುಮಾರು 11. ಸಂಧಿವಾತವೂ ಕಡಮೆ ಉಂಡವುಗಳನ್ನು ತಡವಾಗಿ ಮುಟ್ಟಿತು. ಅಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಹಾಗಾದರೆ ನನ್ನ ತುತ್ತು ಇವನ ಎರಡು ವರ್ಷ ತಿನ್ನುತ್ತಿತ್ತೇನೋ?” ಎಂದಳು.

ಅಂದಿನಿಂದ ಅಳತೆಯ ಪಾವು ಅಮ್ಮನ ಕೈಗೇ ಬಂತು. ಬಡಿಸುವ ಹಕ್ಕನ್ನು ಕಿತ್ತುಕೊಂಡಿದ್ದರೆ ಆಕೆ ಕದ್ದು ತಿನ್ನಿಸುತ್ತಿದ್ದಳು; ಕಾವಲು ಕೊಟ್ಟದ್ದರಿಂದ ನನ್ನ ಕೈಯನ್ನೂ ತಡೆದಳು. ಶಿಷ್ಯ ಬರೆದುಕೊಟ್ಟಂತೆ ಊಟ ದಿನಕ್ಕೆರಡು ಹೊತ್ತು: ಅಳೆದ ರಾಗಿ, ಬೇಯಿಸಿದ ಮೊಟ್ಟೆ, ಸಿಹಿಗುಂಬಳ, ಹುರುಳಿಕಾಯಿ. ನಡುವಿನ ತಿಂಡಿ ದಿನದ ಊಟದ ಹತ್ತನೆಯ ಒಂದು ಪಾಲನ್ನು ಮೀರುವಂತಿಲ್ಲ. ಬಿಸ್ಕತ್ತಿನ ಜಾಗಕ್ಕೆ ಸೌತೆಕಾಯಿ ಹೋಳು. ಹಬ್ಬದ ಪಾಯಸವಂತೂ ಪೂರ್ತಿ ನಿಂತಿತು. ಅದರೊಳಗಿನ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಒಮ್ಮೆಲೇ ಉಪವಾಸ ಕೆಡವುವುದು ಚಿಕಿತ್ಸೆಯಲ್ಲ. ವಾರಕ್ಕೆ ಮೈತೂಕದ ಶೇಕಡಾ ಒಂದೆರಡರಷ್ಟು ಇಳಿದರೆ ಸಾಕು. ಬೆಟ್ಟ ಹತ್ತಿಸುವ ಸಾಹಸವೂ ಸಲ್ಲದು. ಕೊಬ್ಬಿದ ನಾಯಿಗೆ ನಮ್ಮ ಬಿಸಿಲು ಪ್ರಾಣಾಂತಿಕ. ಆದ್ದರಿಂದ ಸೂರ್ಯ ಏರುವ ಮೊದಲೇ ಸಮನೆಲದಲ್ಲಿ ಹತ್ತು ನಿಮಿಷದಿಂದ ಆರಂಭಿಸಿ ನಡಿಗೆಯನ್ನು ಬೆಳೆಸಿದೆವು.

ಮೊದಲ ವಾರಗಳು ಕಠಿಣವಾಗಿದ್ದವು. ರಾಜ ಖಾಲಿ ತಟ್ಟೆಯನ್ನು ಮೂತಿಯಿಂದ ತಳ್ಳುತ್ತ ಮನೆಯೆಲ್ಲ ಸುತ್ತಿದ. ಅಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡು ಊಟ ಮಾಡಿದಳು. ಎರಡು ದಿನ ಆಕೆಯ ಕಣ್ಣು ಒದ್ದೆಯಾಗಿದ್ದುದನ್ನು ಕಂಡೂ ಕಾಣದವನಂತೆ ಇದ್ದೆ.

ಐದು ತಿಂಗಳಾದ ಮೇಲೆ ಹುಣಸೆಮಂಡಿಯ ಮುಳ್ಳು 33ಕ್ಕೆ ಬಂದು ನಿಂತಿತು. ಇನ್ನೂ ಮೂರು ಕಿಲೋ ಉಳಿದಿದೆ. ಬೀದಿಯವರು ಈಗ, “ಏಕೆ ಮೇಷ್ಟ್ರೇ, ನಾಯಿ ಸೊರಗಿದೆಯಲ್ಲ?” ಎನ್ನುತ್ತಾರೆ. ಉತ್ತರವನ್ನು ಅಮ್ಮನೇ ಕೊಡುತ್ತಾಳೆ. ಪ್ರತಿ ಭಾನುವಾರ ಬೆಳಗ್ಗೆ ಜಗಲಿಯಲ್ಲಿ ಕುಳಿತು, ರಾಜನನ್ನು ಹತ್ತಿರ ಕರೆದು, ಸುಕ್ಕುಗಟ್ಟಿದ ಬೆರಳುಗಳಿಂದ ಅವನ ಪಕ್ಕೆಯನ್ನು ತಡವುತ್ತಾಳೆ. “ಒಂದು, ಎರಡು, ಮೂರು… ಸಿಕ್ಕುತ್ತಿವೆ ಕಣೋ” ಎನ್ನುತ್ತಾಳೆ. ರಾಜ ಕಣ್ಣು ಮುಚ್ಚಿ ಆ ಕೈಗೆ ಮೈಯೊಡ್ಡಿ ನಿಂತಿರುತ್ತಾನೆ. ಆ ಕೈಯಲ್ಲಿ ಆಗ ತುತ್ತು ಇರುವುದಿಲ್ಲ.